ಪಾರ್ಸೆಲಿನಲ್ಲಿ ಬರುವ ಗೀಸರ್ ಮತ್ತು ನಮ್ಮ ಮನೆಯ ಅರ್ತ್



ಮಳೆಗಾಲ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಕಡೆಯ ತೋಟದ ಮನೆಗಳಲ್ಲಿ ಸ್ನಾನದ ನೀರಿನದ್ದೇ ಒಂದು ಚಿಂತೆ. ಸೋಗೆ ಒದ್ದೆ, ಮಡಲು ಒದ್ದೆ, ಮೂಲೆಯಲ್ಲಿ ರಾಶಿ ಹಾಕಿದ ಅಡಿಕೆ ಸಿಪ್ಪೆಗೂ ಬೂಷ್ಟು. ಹಂಡೆಯ ಒಲೆಯನ್ನು ಎಷ್ಟು ಊದಿದರೂ ಬಚ್ಚಲು ತುಂಬ ಹೊಗೆಯೇ ಹೊರತು ನೀರು ಬಿಸಿಯಾಗುವುದಿಲ್ಲ. ಇಷ್ಟೆಲ್ಲ ಒದ್ದಾಡಬೇಕಾದವರು ಹೆಚ್ಚಾಗಿ ವಯಸ್ಸಾದ ತಂದೆತಾಯಿ. ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಎಂದು ಚದುರಿದ್ದಾರೆ. ಅಮ್ಮನ ಕೆಮ್ಮು ಫೋನಿನಲ್ಲಿ ಕೇಳಿದ ಮಗನಿಗೋ ಮಗಳಿಗೋ ಮರುಕ ಹುಟ್ಟುತ್ತದೆ. ಅಲ್ಲಿಂದಲೇ ಮೊಬೈಲಿನಲ್ಲಿ ನೋಡಿ ಒಂದು ಗೀಸರನ್ನು ತರಿಸಿಬಿಡುತ್ತಾರೆ. ನಾಲ್ಕೈದು ದಿನಗಳಲ್ಲಿ ಪಾರ್ಸೆಲ್ ಜಗಲಿಗೆ ಬಂದು ಬೀಳುತ್ತದೆ.

ಮಕ್ಕಳ ಈ ಪ್ರೀತಿಯನ್ನು ನಾನು ಆಕ್ಷೇಪಿಸುವುದಿಲ್ಲ. ಆನ್‌ಲೈನಿನಲ್ಲಿ ಕೊಳ್ಳುವುದೇ ತಪ್ಪು ಎಂಬ ವಾದವೂ ನನ್ನದಲ್ಲ. ಒಳ್ಳೆಯ ವಸ್ತುವೂ ಅಲ್ಲಿ ಸಿಗುತ್ತದೆ, ಪೇಟೆಗೆ ಹೋಗುವ ಖರ್ಚೂ ಉಳಿಯುತ್ತದೆ. ಆದರೆ ಮನೆಗಳಿಗೆ ಭೇಟಿ ಕೊಡುವಾಗ ಬಚ್ಚಲ ಗೋಡೆಗಳಲ್ಲಿ ಕಾಣುವ ಕೆಲವು ಜೋಡಣೆಗಳು ನನ್ನ ನಿದ್ದೆ ಕೆಡಿಸುತ್ತಿವೆ. ಆದ್ದರಿಂದ ಈ ಸಂಚಿಕೆಯಲ್ಲಿ ಅಡಿಕೆಯ ಕೊಳೆರೋಗವನ್ನು ಬದಿಗಿಟ್ಟು ಕರೆಂಟಿನ ವಿಷಯ ಬರೆಯುತ್ತಿದ್ದೇನೆ.

ಮೊದಲು ಗೀಸರ್ ಬೇಕಾದರೆ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋಗುತ್ತಿದ್ದೆವು. ಅಂಗಡಿಯವರು, "ಮನೆಯ ವಯರಿಂಗ್ ಯಾವಾಗಿನದ್ದು? ಬಚ್ಚಲಲ್ಲಿ ದೊಡ್ಡ ಪ್ಲಗ್ ಇದೆಯಾ? ನೀರಿನ ಟ್ಯಾಂಕಿ ಎಷ್ಟು ಎತ್ತರ?" ಎಂದು ಕೇಳುತ್ತಿದ್ದರು. ಆಮೇಲೆ ಅವರಿಗೆ ಪರಿಚಯದ ವಯರ್‌ಮನ್ ಬರುತ್ತಿದ್ದ. ಅವನು ಮೈನ್ ಸ್ವಿಚ್ ನೋಡಿ, "ಇದಕ್ಕೆ ಬೇರೆ ಲೈನ್ ಎಳೆಯಬೇಕು, ಅರ್ತ್ ಸರಿ ಇಲ್ಲ" ಎಂದು ಹೇಳಿ ನಮಗೆ ಬೇಸರ ತರಿಸುತ್ತಿದ್ದ. ಆ ಬೇಸರದಲ್ಲೇ ನಮ್ಮ ರಕ್ಷಣೆ ಇತ್ತು. ಆನ್‌ಲೈನಿನಲ್ಲಿ ಪೆಟ್ಟಿಗೆ ಮಾತ್ರ ಮನೆಗೆ ಬರುತ್ತದೆ, ಮನೆಯನ್ನು ನೋಡುವ ಆ ಎರಡು ಜೊತೆ ಕಣ್ಣುಗಳು ಬರುವುದಿಲ್ಲ. ನೆರೆಮನೆಯ ಹುಡುಗನೊಬ್ಬ ಡ್ರಿಲ್ ಹಿಡಿದು ಬಂದು ಅರ್ಧ ಗಂಟೆಯಲ್ಲಿ ಗೋಡೆಗೆ ನೇತುಹಾಕಿ ಹೋಗುತ್ತಾನೆ. ನೀರು ಬಿಸಿಯಾಗುತ್ತದೆ, ಎಲ್ಲರಿಗೂ ಸಂತೋಷ.

ಇಲ್ಲಿನ ಅಪಾಯ ಏನೆಂದು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ನಮ್ಮ ಮನೆಗೆ ಬರುವುದು 230 ವೋಲ್ಟ್. ಒಣ ಚರ್ಮ ಕರೆಂಟನ್ನು ಸಾಕಷ್ಟು ತಡೆಯುತ್ತದೆ. ಅದೇ ಮೈ ಒದ್ದೆಯಾಗಿ, ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರೆ ದೇಹದ ತಡೆ ಸುಮಾರು ಒಂದು ಸಾವಿರ ಓಮ್‌ಗೆ ಇಳಿಯಬಹುದು. ಆಗ ದೇಹದ ಮೂಲಕ ಹರಿಯುವುದು 230 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ಕಾಲು ಭಾಗಕ್ಕೂ ಕಡಿಮೆ. ಸಣ್ಣ ಸಂಖ್ಯೆ ಎಂದು ತೋರಬಹುದು. ಆದರೆ ಮನುಷ್ಯನಿಗೆ ಒಂದು ಮಿಲಿ ಆಂಪಿಯರ್ ಆದಾಗಲೇ ಜುಮ್ಮೆನ್ನುತ್ತದೆ. ಸುಮಾರು 10 ಆದಾಗ ಕೈಯ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗದೆ ಹೋಗಬಹುದು. 30 ದಾಟಿದರೆ ಉಸಿರಾಟಕ್ಕೆ ತೊಂದರೆ. 50ರಿಂದ 100ರ ಹೊತ್ತಿಗೆ ಹೃದಯದ ಬಡಿತ ತಾಳ ತಪ್ಪಿ ಬರೀ ನಡುಗತೊಡಗುತ್ತದೆ. ಬಚ್ಚಲಿನಲ್ಲಿ ಕರೆಂಟು ಹೊಡೆದವರು ಕೂಗುವುದಕ್ಕೂ ಆಗದೆ ಬೀಳುವುದು ಇದರಿಂದಲೇ.

ಗೀಸರಿನ ಒಳಗೆ ನೀರನ್ನು ಕಾಯಿಸುವ ಎಲಿಮೆಂಟ್ ಎಂಬ ಸುರುಳಿ ಇದೆ. ಒಳ್ಳೆಯದರಲ್ಲಿ ಕರೆಂಟು ಹರಿಯುವ ತಂತಿಯನ್ನು ನೀರು ಮುಟ್ಟದಂತೆ ಲೋಹದ ಕೊಳವೆಯಲ್ಲಿಟ್ಟು, ಸುತ್ತ ಕರೆಂಟು ಹರಿಯಬಿಡದ ಪುಡಿಯನ್ನು ಗಿಡಿದು ತುಂಬಿರುತ್ತಾರೆ. ಬೋರ್‌ವೆಲ್ಲಿನ ಗಡಸು ನೀರಿದ್ದಲ್ಲಿ ಈ ಕೊಳವೆಯ ಮೇಲೆ ಸುಣ್ಣದಂಥ ಹರಳು ಕಟ್ಟಿ, ಅದು ಅತಿಯಾಗಿ ಕಾದು, ಕಾಲಕ್ರಮದಲ್ಲಿ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ದಿನ ಕರೆಂಟು ನೀರಿಗೂ ಗೀಸರಿನ ಮೈಗೂ ಇಳಿಯುತ್ತದೆ. ಎಷ್ಟೇ ಒಳ್ಳೆಯ ಗೀಸರಿಗೂ ಈ ದಿನ ಬರಬಹುದು. ಆ ದಿನ ನಮ್ಮನ್ನು ಉಳಿಸಬೇಕಾದದ್ದು ಮನೆಯ ಅರ್ತ್ ಮತ್ತು ಮೈನ್ ಬೋರ್ಡಿನ ಸಾಧನಗಳು.

ಇದಕ್ಕಿಂತ ನನಗೆ ಹೆಚ್ಚು ಭಯ ನಲ್ಲಿಗೇ ಜೋಡಿಸುವ ಅಗ್ಗದ ಟ್ಯಾಪ್ ಹೀಟರಿನದ್ದು. ಪ್ಲಾಸ್ಟಿಕ್ಕಿನ ನಲ್ಲಿ, ಅದರ ಹೊಟ್ಟೆಯೊಳಗೇ ಎಲಿಮೆಂಟ್. ತಿರುಗಿಸಿದರೆ ಅರೆ ನಿಮಿಷದಲ್ಲಿ ಬಿಸಿನೀರು. ಬೆಲೆ ಕಡಿಮೆ, ನೋಡಲೂ ಚಂದ. ಇಂಥ ಕೆಲವದರಲ್ಲಿ ಕಾಯುವ ತಂತಿ ಯಾವ ಹೊದಿಕೆಯೂ ಇಲ್ಲದೆ ನೇರವಾಗಿ ನೀರಿನಲ್ಲೇ ಇರುತ್ತದೆ. ಅದೇ ನೀರು ನಮ್ಮ ಕೈ ಮೇಲೆ ಬೀಳುತ್ತದೆ. ಮೇಲೆ 3000 ವಾಟ್ ಎಂದು ಬರೆದಿರುತ್ತದೆ. 3000ವನ್ನು 230ರಿಂದ ಭಾಗಿಸಿ ನೋಡಿ, 13 ಆಂಪಿಯರ್ ಬರುತ್ತದೆ. ಅದರೊಂದಿಗೆ ಬರುವ ವಯರ್ ಕೆಲವೊಮ್ಮೆ ಟೇಬಲ್ ಫ್ಯಾನಿನ ವಯರಿನಷ್ಟು ಸಪೂರ. ನಮ್ಮ ಹಳೆಯ ಬಚ್ಚಲುಗಳಲ್ಲಿರುವುದು ಲೈಟು, ಫ್ಯಾನುಗಳಿಗೆಂದು ಹಾಕಿದ 6 ಆಂಪಿಯರಿನ ಸಣ್ಣ ಪ್ಲಗ್. ದೊಡ್ಡ ತ್ರೀಪಿನ್ ಸಣ್ಣದಕ್ಕೆ ಹೋಗದಿದ್ದರೆ ಹತ್ತಿಪ್ಪತ್ತು ರೂಪಾಯಿಯ ಪರಿವರ್ತಕ ಪಿನ್ ಇದ್ದೇ ಇದೆಯಲ್ಲ! ವಯರಿನಲ್ಲಿ ಹುಟ್ಟುವ ಬಿಸಿ ಕರೆಂಟು ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ. ಪ್ಲಗ್ ಕಂದಾಗುವುದು, ಸುಟ್ಟ ರಬ್ಬರಿನ ವಾಸನೆ, ಪಿನ್ ಮುಟ್ಟಿದರೆ ಸುಡುವುದು, ಇವೆಲ್ಲ ಮುನ್ಸೂಚನೆಗಳು. ಗೀಸರಿಗೆ ಮೈನ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್, 16 ಆಂಪಿಯರಿನ ಪ್ಲಗ್ ಮತ್ತು ಸ್ವಿಚ್, 2.5 ಚದರ ಮಿಲಿಮೀಟರಿಗೆ ಕಡಿಮೆಯಾಗದ, ದೂರ ಹೆಚ್ಚಿದ್ದರೆ 4 ಚದರ ಮಿಲಿಮೀಟರಿನ ತಾಮ್ರದ ವಯರ್ ಬೇಕು. 4500 ವಾಟಿನ ಇನ್‌ಸ್ಟಂಟ್ ಗೀಸರಾದರೆ ಸುಮಾರು 20 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16ರ ಪ್ಲಗ್ಗೂ ಸಾಲದು.

ಈಗ ಅರ್ತಿನ ವಿಷಯ. ನಮ್ಮ ಊರಿನ ಮಟ್ಟಿಗೆ ಇದೇ ಮುಖ್ಯ ಎಂದು ನನ್ನ ಅಭಿಪ್ರಾಯ. ಗೀಸರಿನ ಮೈಗೆ ಕರೆಂಟು ಇಳಿದರೆ ಅದು ಮನುಷ್ಯನ ಮೂಲಕ ಹರಿಯುವ ಬದಲು ಹಸಿರು ತಂತಿಯ ಮೂಲಕ ಭೂಮಿಗೆ ಹೋಗಲಿ, ಹಾಗೆ ರಭಸದಿಂದ ಹೋಗುವಾಗ ಫ್ಯೂಸ್ ಹೋಗಲಿ ಎಂಬುದು ಅರ್ತಿನ ಉದ್ದೇಶ. ಆದರೆ ನಮ್ಮ ಗುಡ್ಡೆಗಳು ಮುರಕಲ್ಲಿನವು. ಮಳೆಗಾಲದಲ್ಲಿ ನೀರು ಕುಡಿದಿರುವ ಈ ನೆಲ ಮಾರ್ಚ್, ಏಪ್ರಿಲ್ ಬಂತೆಂದರೆ ಒಣಗಿ ಕಲ್ಲಾಗುತ್ತದೆ. ಸುರಂಗದಲ್ಲೇ ನೀರು ಸಣ್ಣಗಾಗುವಾಗ ಅರ್ತ್ ಪೈಪಿನ ಬುಡ ಒದ್ದೆ ಇರುವುದೆಂತು? ಒಣ ನೆಲ ಕರೆಂಟನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಮನೆಯ ಅರ್ತಿನ ತಡೆ 50 ಓಮ್ ಆಗಿದೆ ಎಂದಿಟ್ಟುಕೊಳ್ಳಿ. ಆಗ ಗೀಸರಿನಿಂದ ಭೂಮಿಗೆ ಹರಿಯುವುದು 230ನ್ನು 50ರಿಂದ ಭಾಗಿಸಿದಷ್ಟು, ಅಂದರೆ 4.6 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ.ಗೆ ಇದು ಲೆಕ್ಕಕ್ಕೇ ಇಲ್ಲ. ಅದು ಬೀಳುವುದಿಲ್ಲ. ಗೀಸರಿನ ಮೈಯಲ್ಲಿ ಹೆಚ್ಚುಕಡಿಮೆ ಪೂರ್ತಿ 230 ವೋಲ್ಟ್ ಹಾಗೆಯೇ ನಿಂತಿರುತ್ತದೆ, ಮುಟ್ಟುವ ಕೈಗೆ ಕಾಯುತ್ತಾ. "ನಮ್ಮ ಮನೆಗೆ ಅರ್ತ್ ಇದೆ, ಎಂ.ಸಿ.ಬಿ. ಇದೆ, ಹೆದರಿಕೆ ಇಲ್ಲ" ಎನ್ನುವವರು ಈ ಲೆಕ್ಕವನ್ನು ಇನ್ನೊಮ್ಮೆ ಓದಬೇಕು.

ಇಲ್ಲಿ ಪ್ರಾಣ ಉಳಿಸುವುದು ಜನ ಇ.ಎಲ್.ಸಿ.ಬಿ. ಎಂದು ಕರೆಯುವ, ಈಗಿನ ಹೆಸರಿನಲ್ಲಿ ಆರ್.ಸಿ.ಸಿ.ಬಿ. ಎನ್ನುವ ಸಾಧನ. ಮನೆಯೊಳಗೆ ಹೋದ ಕರೆಂಟು ಅಷ್ಟೇ ಹಿಂದಿರುಗಿತೇ ಎಂದು ಅದು ತೂಗುತ್ತಿರುತ್ತದೆ. ಎಲ್ಲಿಯೋ ಭೂಮಿಗೆ ಅಥವಾ ಮನುಷ್ಯನ ಮೂಲಕ ಸೋರಿ 30 ಮಿಲಿ ಆಂಪಿಯರಿನ ವ್ಯತ್ಯಾಸ ಬಂದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಲೈನ್ ಕಡಿಯುತ್ತದೆ. ಮೇಲೆ ಹೇಳಿದ 4.6 ಆಂಪಿಯರ್ ಎಂದರೆ ಅದರ ನೂರೈವತ್ತು ಪಟ್ಟು. ಆದ್ದರಿಂದ ಅರ್ತ್ ಬಡವಾದ ಮುರಕಲ್ಲಿನ ನೆಲದಲ್ಲೂ ಅದು ಕೆಲಸ ಮಾಡುತ್ತದೆ. ಕೊಳ್ಳುವಾಗ 30 ಮಿಲಿ ಆಂಪಿಯರ್ ಎಂದು ಬರೆದದ್ದನ್ನೇ ಕೊಳ್ಳಬೇಕು. 100, 300 ಎಂದು ಬರೆದವು ಬೆಂಕಿ ತಡೆಯಲು ಸಹಾಯ ಮಾಡಬಹುದು, ಮನುಷ್ಯನನ್ನು ಉಳಿಸಲಾರವು. ಅದರ ಮೇಲೆ ಒಂದು ಸಣ್ಣ ಗುಂಡಿ ಇದೆ, ಟೆಸ್ಟ್ ಎಂದು ಬರೆದಿರುತ್ತದೆ. ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದ ಕೂಡಲೇ ಟಕ್ಕೆಂದು ಬೀಳಬೇಕು. ಬೀಳದಿದ್ದರೆ ಅದು ಸತ್ತಿದೆ ಎಂದೇ ಅರ್ಥ. ಹಲವು ಮನೆಗಳಲ್ಲಿ ಈ ಗುಂಡಿಯನ್ನು ವಯರಿಂಗ್ ಮಾಡಿದ ದಿನದ ನಂತರ ಯಾರೂ ಮುಟ್ಟಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಮಿಂಚು ಗುಡುಗಿಗೆ ಇ.ಎಲ್.ಸಿ.ಬಿ. ಪದೇ ಪದೇ ಬೀಳುತ್ತದೆ ಎಂದು ಬೇಸತ್ತು ಅದನ್ನು ತಪ್ಪಿಸಿ ನೇರ ಲೈನ್ ಕೊಡಿಸಿಕೊಂಡವರು ನಮ್ಮಲ್ಲಿದ್ದಾರೆ. ಪದೇ ಪದೇ ಬೀಳುವುದು ಎಲ್ಲಿಯೋ ಸೋರಿಕೆ ಇದೆ ಎಂಬ ಸೂಚನೆ ಇರಬಹುದು. ಹಳೆಯ ವಯರಿಂಗ್, ಒದ್ದೆ ಗೋಡೆ, ಹೊರಗಿನ ಲೈಟಿನ ಹೋಲ್ಡರಿಗೆ ನೀರು ಹೋಗುವುದು, ಹೀಗೆ ಕಾರಣ ಹಲವು. ಅದನ್ನು ಹುಡುಕಿಸಬೇಕು. ನಾಯಿ ಬೊಗಳುತ್ತದೆಂದು ನಾಯಿಯನ್ನೇ ಓಡಿಸಿ ಮಲಗುವ ಮನೆಯವರನ್ನು ಏನೆಂದು ಕರೆಯೋಣ?

ಅರ್ತ್ ಸರಿ ಇದೆಯೇ ಎಂದು ಟೆಸ್ಟರ್ ಸ್ಕ್ರೂಡ್ರೈವರಿನಿಂದ ತಿಳಿಯುವುದಿಲ್ಲ. ಟೆಸ್ಟರ್ ಬೆಳಗಿದರೆ ಅಲ್ಲಿ ಫೇಸ್ ಇದೆ ಎಂದಷ್ಟೇ ಅರ್ಥ. ಅರ್ತನ್ನು ಅಳೆಯಲು ಬೇರೆ ಉಪಕರಣ ಇದೆ, ಲೈಸೆನ್ಸ್ ಇರುವ ವಯರ್‌ಮನ್ ಅಥವಾ ಗುತ್ತಿಗೆದಾರರಲ್ಲಿ ಕೇಳಬೇಕು. ಅಳೆಯುವುದಾದರೆ ಬೇಸಿಗೆಯಲ್ಲಿ ಅಳೆಸಿ. ಮಳೆಗಾಲದ ಅಳತೆ ನಮ್ಮನ್ನು ಮೋಸಗೊಳಿಸುತ್ತದೆ. ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದು ಕೊಡ ನೀರು ಹಾಕುವುದು ನಮ್ಮ ಹಿರಿಯರ ಕಾಲದ ಅಭ್ಯಾಸ, ಅದನ್ನು ಬಿಡಬಾರದು. ಪ್ಲಗ್ಗಿನಲ್ಲಿ ಅರ್ತ್ ತಂತಿ ಇಲ್ಲವೆಂದು ಅರ್ತ್ ಪಿನ್ನನ್ನು ನ್ಯೂಟ್ರಲಿಗೆ ಸೇರಿಸಿ ಕೊಡುವವರೂ ಇದ್ದಾರೆ. ಇದಂತೂ ಪ್ರಾಣದ ಜೊತೆ ಆಟ. ಗಾಳಿಮಳೆಗೆ ಅಡಿಕೆ ಮರವೋ ತೆಂಗಿನ ಮಡಲೋ ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ತಂತಿ ಮಾತ್ರ ಕಡಿದುಹೋದರೆ, ಹೀಗೆ ಜೋಡಿಸಿದ ಗೀಸರಿನ, ಫ್ರಿಜ್ಜಿನ, ವಾಷಿಂಗ್ ಮೆಷಿನಿನ ಮೈಗೆಲ್ಲ ಒಮ್ಮೆಲೇ ಕರೆಂಟು ಬರುತ್ತದೆ. ನಮ್ಮ ಕಡೆ ಲೈನಿಗೆ ಮರ ಬೀಳದ ಮಳೆಗಾಲ ಯಾವುದು ಹೇಳಿ?

ಮನೆ ಸರಿಯಾದ ಮೇಲೆ ವಸ್ತುವಿನ ಮಾತು. ಗೀಸರ್, ಇಮ್ಮರ್ಶನ್ ರಾಡ್, ಇಸ್ತ್ರಿಪೆಟ್ಟಿಗೆ, ವಯರ್, ಸ್ವಿಚ್ ಮುಂತಾದವುಗಳಿಗೆ ಐ.ಎಸ್.ಐ. ಗುರುತು ಇರಲೇಬೇಕೆಂಬುದು ಕಾನೂನು. ಗುರುತು ಎಂದರೆ ಬರೀ ಆ ಮೂರು ಅಕ್ಷರಗಳ ಚಿತ್ರವಲ್ಲ. ಚಿತ್ರದ ಮೇಲೆ ಐ.ಎಸ್. ಎಂದು ಆರಂಭವಾಗುವ ಮಾನಕದ ಸಂಖ್ಯೆ, ಕೆಳಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಉದಾಹರಣೆಗೆ ಮನೆ ವಯರಿಂಗಿನ ಪಿ.ವಿ.ಸಿ. ವಯರಿನ ಮೇಲೆ ಐ.ಎಸ್. 694 ಎಂದಿರುತ್ತದೆ. ಭಾರತೀಯ ಮಾನಕ ಬ್ಯೂರೋದ ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಈ ಲೈಸೆನ್ಸ್ ಸಂಖ್ಯೆಯನ್ನು ಹಾಕಿದರೆ ಅದು ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟದ್ದು, ಇನ್ನೂ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ನೀರೆತ್ತುವ ಪಂಪಿನ ಲೈಸೆನ್ಸ್ ಸಂಖ್ಯೆಯನ್ನು ಗೀಸರಿಗೆ ಅಂಟಿಸಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಿಮಗೆ ಬಾರದಿದ್ದರೆ ಮನೆಯ ಕಾಲೇಜು ಮಕ್ಕಳಿಗೆ ಹೇಳಿ, ಎರಡು ನಿಮಿಷದ ಕೆಲಸ.

ಸಿ.ಇ. ಎಂಬ ಅಕ್ಷರಗಳನ್ನು ನೋಡಿ ಹಲವರು ಸಮಾಧಾನಪಡುತ್ತಾರೆ. ಅದು ಯುರೋಪಿನ ಮಾರುಕಟ್ಟೆಗೆ ಸಂಬಂಧಿಸಿದ್ದು, ಹಲವು ವಸ್ತುಗಳಿಗೆ ತಯಾರಕನು ತಾನೇ ಘೋಷಿಸಿ ಹಾಕಿಕೊಳ್ಳುವಂಥದ್ದು. ನಮ್ಮ ಐ.ಎಸ್.ಐ.ಗೆ ಅದು ಬದಲಿಯಲ್ಲ. ಗೀಸರಿನ ಮೇಲಿನ ನಕ್ಷತ್ರಗಳ ಚೀಟಿಯೂ ಕರೆಂಟಿನ ಖರ್ಚು ಎಷ್ಟೆಂದು ಹೇಳುತ್ತದೆಯೇ ಹೊರತು ಸುರಕ್ಷತೆಯ ಬಗ್ಗೆ ಅಲ್ಲ. ಇನ್ನು ಕೊಂಡವರು ಆನ್‌ಲೈನಿನಲ್ಲಿ ಕೊಡುವ ನಕ್ಷತ್ರಗಳು. ಪಾರ್ಸೆಲ್ ಬಂದ ವಾರದೊಳಗೆ, "ನೀರು ಚೆನ್ನಾಗಿ ಬಿಸಿಯಾಗುತ್ತದೆ" ಎಂದು ಐದು ನಕ್ಷತ್ರ ಕೊಟ್ಟವರು ಪ್ರಾಮಾಣಿಕರೇ ಇರಬಹುದು. ಆದರೆ ಎಲಿಮೆಂಟ್ ಬಿರುಕು ಬಿಡುವುದು ಎರಡನೆಯ ಅಥವಾ ಮೂರನೆಯ ಮಳೆಗಾಲದಲ್ಲಿ. ಆಗ ಬರೆಯಲು ಯಾರೂ ಹಿಂದೆ ಹೋಗುವುದಿಲ್ಲ.

ಇದು ನನ್ನೊಬ್ಬನ ಅನುಮಾನವೂ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2021ರ ಡಿಸೆಂಬರಿನಲ್ಲಿ, ಐ.ಎಸ್.ಐ. ಗುರುತಿಲ್ಲದ ಇಮ್ಮರ್ಶನ್ ರಾಡ್ ಮುಂತಾದ ಗೃಹೋಪಯೋಗಿ ವಸ್ತುಗಳನ್ನು ಕೊಳ್ಳಬಾರದೆಂದು ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. 2025ರ ಮಾರ್ಚ್ 19ರಂದು ಮಾನಕ ಬ್ಯೂರೋದ ಅಧಿಕಾರಿಗಳು ದೆಹಲಿಯಲ್ಲಿ ದೊಡ್ಡ ಆನ್‌ಲೈನ್ ವ್ಯಾಪಾರ ಸಂಸ್ಥೆಯೊಂದರ ಗೋದಾಮನ್ನು ಹದಿನೈದು ಗಂಟೆಗೂ ಹೆಚ್ಚು ಕಾಲ ತಪಾಸಣೆ ಮಾಡಿ, ಗುರುತಿಲ್ಲದ ಅಥವಾ ಸುಳ್ಳು ಗುರುತಿನ 3500ಕ್ಕೂ ಹೆಚ್ಚು ವಸ್ತುಗಳನ್ನು ವಶಪಡಿಸಿಕೊಂಡರು. ಅವುಗಳಲ್ಲಿ ಗೀಸರುಗಳೂ ಮಿಕ್ಸರುಗಳೂ ಇದ್ದವು. ಹೆಸರಾಂತ ಸಂಸ್ಥೆಯ ಮೂಲಕ ಬಂತು ಎಂಬುದೊಂದೇ ಸಾಕಾಗುವುದಿಲ್ಲ. ಆ ಸಂಸ್ಥೆ ಸಂತೆಯ ಜಾಗ ಇದ್ದಹಾಗೆ, ಮಾರುವವನು ಬೇರೆಯೇ ಇರುತ್ತಾನೆ. ಮಾರಾಟಗಾರನ ಹೆಸರು, ವಿಳಾಸ, ವಸ್ತು ತಯಾರಾದ ದೇಶ ಇವನ್ನು ತೋರಿಸಲೇಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ದುಡ್ಡು ಕೊಡುವ ಮೊದಲು ಅದನ್ನು ಓದಬೇಕು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು ಇದೆ. ಮಗಳು ಮಂಗಳೂರಿನಲ್ಲಿ ಕುಳಿತು ಆರ್ಡರ್ ಮಾಡುತ್ತಾಳೆ, ವಸ್ತು ಬರುವುದು 671ರಿಂದ ಆರಂಭವಾಗುವ ನಮ್ಮ ಪಿನ್ ಕೋಡಿಗೆ. ಪಾರ್ಸೆಲ್ ಬರುತ್ತದೆ, ಆದರೆ ಜೋಡಿಸಲು ಕಂಪನಿಯ ಜನ ಬರುತ್ತಾರೆಯೇ? ಇತ್ತೀಚೆಗೆ ಒಂದು ಮನೆಯಲ್ಲಿ ಗೀಸರ್ ಪೆಟ್ಟಿಗೆಯಲ್ಲೇ ಮೂರು ವಾರ ಕುಳಿತಿತ್ತು. ಮಂಗಳೂರಿನ ಸರ್ವಿಸಿನವರು "ಕೇರಳ ನಮ್ಮ ವ್ಯಾಪ್ತಿಯಲ್ಲ" ಎಂದರು, ಈಚೆಯವರು "ನಮ್ಮ ಪಟ್ಟಿಯಲ್ಲಿ ಆ ಊರು ಇಲ್ಲ" ಎಂದರು. ಕೊನೆಗೆ ಪೈಪ್ ಕೆಲಸದವನೊಬ್ಬ ಜೋಡಿಸಿದ. ಸೇಫ್ಟಿ ವಾಲ್ವಿನಿಂದ ಆಗಾಗ ಹನಿ ತೊಟ್ಟಿಕ್ಕುತ್ತದೆಂದು ಅದರ ಬಾಯಿಗೆ ಮರದ ಬೆಣೆ ಹೊಡೆದು ಹೋಗಿದ್ದ! ಆ ಹನಿ ಬೀಳುವುದು ಒಳಗಿನ ಒತ್ತಡ ಹೊರಗೆ ಹೋಗಲಿ ಎಂದು. ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯುತ್ತಲೇ ಹೋದರೆ, ಬಾಯಿ ಮುಚ್ಚಿದ ಟ್ಯಾಂಕಿ ಸಿಡಿಯುತ್ತದೆ. ಆದ್ದರಿಂದ ಆರ್ಡರ್ ಮಾಡುವ ಮೊದಲೇ ಕಂಪನಿಗೆ ಫೋನ್ ಮಾಡಿ, "ಈ ಪಿನ್ ಕೋಡಿಗೆ ನಿಮ್ಮ ಸರ್ವಿಸ್ ಇದೆಯೇ, ಜೋಡಿಸುವವರು ಯಾರು" ಎಂದು ಕೇಳಬೇಕು. ಇಲ್ಲವೆಂದರೆ, ಬೆಲೆ ಎಷ್ಟೇ ಇಳಿದಿರಲಿ, ನಮ್ಮ ಪೇಟೆಯ ಅಂಗಡಿಯೇ ಲೇಸು.

ಗಲ್ಫಿನಿಂದ ಬರುವವರು ತರುವ ಕೆಟಲ್, ಇಸ್ತ್ರಿಪೆಟ್ಟಿಗೆಗಳ ಬಗ್ಗೆಯೂ ಒಂದು ಮಾತು. ಅಲ್ಲಿನ ದಪ್ಪ ಚೌಕ ಪಿನ್ನಿನ ಪ್ಲಗ್ಗಿನೊಳಗೆ ಒಂದು ಸಣ್ಣ ಫ್ಯೂಸ್ ಇದೆ. ಇಲ್ಲಿಯ ಸಾಕೆಟಿಗೆ ಹೋಗುವುದಿಲ್ಲವೆಂದು ಪ್ಲಗ್ಗನ್ನು ಕತ್ತರಿಸಿದರೆ ಫ್ಯೂಸೂ ಹೋಯಿತು. ಅಗ್ಗದ ಅಡಾಪ್ಟರ್ ಹಾಕಿದರೆ ಕೆಲವದರಲ್ಲಿ ಅರ್ತ್ ಪಿನ್ ನೋಡಲಿಕ್ಕೆ ಮಾತ್ರ ಇರುತ್ತದೆ, ಒಳಗೆ ಯಾವುದಕ್ಕೂ ಸೇರಿರುವುದಿಲ್ಲ. ಒಳ್ಳೆಯ ತ್ರೀಪಿನ್ನನ್ನು ಬಲ್ಲವರಿಂದ ಹಾಕಿಸಿ. ವಯರಿನಲ್ಲಿ ಹಳದಿ-ಹಸಿರು ಪಟ್ಟೆಯದ್ದು ಅರ್ತ್, ಕಂದು ಫೇಸ್, ನೀಲಿ ನ್ಯೂಟ್ರಲ್.

ತೋಟಕ್ಕೂ ಈಗ ಆನ್‌ಲೈನ್ ಸಾಮಾನು ಬರುತ್ತಿದೆ. ಮೊಬೈಲಿನಿಂದಲೇ ಪಂಪ್ ಚಾಲೂ ಮಾಡುವ ಪೆಟ್ಟಿಗೆಯನ್ನು ಹಲವರು ಹಾಕಿಸಿದ್ದಾರೆ, ಅನುಕೂಲವೇನೋ ಹೌದು. ಆದರೆ ಮಗ ಬೆಂಗಳೂರಿನಿಂದ ಗುಂಡಿ ಒತ್ತುವ ಹೊತ್ತಿಗೆ ಇಲ್ಲಿ ಅಪ್ಪ ಪಂಪಿನ ಫುಟ್‌ವಾಲ್ವ್ ಬಿಚ್ಚುತ್ತಿದ್ದರೆ? ಪಂಪಿಗೆ ಕೈ ಹಾಕುವ ಮೊದಲು ಸ್ಟಾರ್ಟರ್ ಆಫ್ ಮಾಡಿದರೆ ಸಾಲದು, ಮೈನ್ ಸ್ವಿಚ್ ಇಳಿಸಿ ಫ್ಯೂಸ್ ಕ್ಯಾರಿಯರ್ ಕಿತ್ತು ಕಿಸೆಗೆ ಹಾಕಿಕೊಳ್ಳಬೇಕು.

ಸದ್ಯಕ್ಕೆ ಗೀಸರ್ ಸರಿಪಡಿಸಲು ಸಾಧ್ಯವಿಲ್ಲ, ಆದರೆ ಬಿಸಿನೀರು ಬೇಕೇ ಬೇಕು ಎನ್ನುವವರು ಒಂದು ಕೆಲಸ ಮಾಡಬಹುದು. ಬಕೆಟಿಗೆ ನೀರು ತುಂಬಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ಸ್ನಾನಕ್ಕೆ ಇಳಿಯಿರಿ. ಇಮ್ಮರ್ಶನ್ ರಾಡಿಗೂ ಇದೇ ಕ್ರಮ. ನೀರು ಬಿಸಿಯಾಯಿತೇ ಎಂದು ರಾಡ್ ಚಾಲೂ ಇರುವಾಗ ಬೆರಳದ್ದಿ ನೋಡುವ ಅಭ್ಯಾಸವನ್ನು ಇಂದೇ ಬಿಡಬೇಕು. ಮೈ ಮುಟ್ಟಿದರೆ ಜುಮ್ಮೆನ್ನುವ ಟ್ಯಾಪ್ ಹೀಟರಾದರೆ ದುರಸ್ತಿಯ ಮಾತು ಬೇಡ, ಬಿಚ್ಚಿ ಗುಜರಿಗೆ ಹಾಕಿ. "ಸಣ್ಣ ಜುಮ್ಮು, ಮಳೆಗಾಲದಲ್ಲಿ ಹಾಗೆಯೇ" ಎಂದು ಒಬ್ಬ ಅಜ್ಜಿ ನನಗೆ ಸಮಾಧಾನ ಹೇಳಿದರು. ಮಳೆಗಾಲದಲ್ಲಿ ನಲ್ಲಿ ಜುಮ್ಮೆನ್ನುವುದು ಸಹಜವಲ್ಲ ಅಜ್ಜಿ.

ಮೋಸದ ವಸ್ತು ಬಂದರೆ ಪೆಟ್ಟಿಗೆ, ಬಿಲ್ಲು, ಚೀಟಿ ಯಾವುದನ್ನೂ ಬಿಸಾಡಬೇಡಿ, ಫೋಟೋ ತೆಗೆದಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಆನ್‌ಲೈನ್ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ನಿಯಮವಿದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವನು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಇದ್ದರೂ ನಾವು ಅಲ್ಲಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ವಾಸವಿರುವ ಊರಿನ ವ್ಯಾಪ್ತಿಯಲ್ಲೇ, ಅಂದರೆ ಕಾಸರಗೋಡಿನಲ್ಲೇ, ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು.

ಕೊನೆಯದಾಗಿ, ಕರೆಂಟು ಹೊಡೆದವರನ್ನು ಕಂಡರೆ ಏನು ಮಾಡಬೇಕೆಂದು ಮನೆಯ ಮಕ್ಕಳಿಗೂ ಕಲಿಸಿಡಿ. ಓಡಿಹೋಗಿ ಹಿಡಿಯಬಾರದು. ಹಿಡಿದವರೂ ಅಂಟಿಕೊಳ್ಳುತ್ತಾರೆ. ಮೊದಲು ಮೈನ್ ಸ್ವಿಚ್ ಇಳಿಸಿ. ಅದು ದೂರವಿದ್ದರೆ ಒಣಗಿದ ಮರದ ಕೋಲಿನಿಂದ ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ವಯರನ್ನೋ ಅವರನ್ನೋ ದೂರ ತಳ್ಳಿ, ನೀವು ಒಣ ಜಾಗದಲ್ಲಿ ನಿಂತಿರಬೇಕು. ಅಡಿಕೆ ಕೊಯ್ಯುವ ದೋಟಿಯನ್ನು ತರಬೇಡಿ. ಅಲ್ಯೂಮಿನಿಯಂ ದೋಟಿ ಮಾತ್ರವಲ್ಲ, ಈಗ ಬಂದಿರುವ ಕಾರ್ಬನ್ ಫೈಬರಿನ ದೋಟಿಯಲ್ಲೂ ಕರೆಂಟು ಹರಿಯುತ್ತದೆ. ಬಿದ್ದವರಿಗೆ ಉಸಿರಾಟ ಇಲ್ಲದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡುವಾಗ ಇನ್ನೊಬ್ಬರು ಅವರನ್ನು ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಮೊಣಕೈ ಮಡಚದೆ, ಸುಮಾರು ಐದು ಸೆಂಟಿಮೀಟರ್ ತಗ್ಗುವಂತೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಆ್ಯಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ದಣಿದರೆ ಇನ್ನೊಬ್ಬರು ಮುಂದುವರಿಸಲಿ. ಬಾಯಿಗೆ ನೀರು ಹುಯ್ಯುವುದು, ಕೈಕಾಲು ತಿಕ್ಕುತ್ತಾ ಸಮಯ ಕಳೆಯುವುದು ಬೇಡ. ಎದ್ದು ಕುಳಿತು "ಏನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊರಗೆ ಸಣ್ಣ ಸುಟ್ಟ ಗುರುತಷ್ಟೇ ಕಂಡರೂ ಒಳಗಿನ ಸ್ನಾಯು ಸುಟ್ಟಿರಬಹುದು, ಹೃದಯದ ಬಡಿತ ಮತ್ತೆ ತಪ್ಪಬಹುದು. ಬಚ್ಚಲಲ್ಲಿ ಜಾರಿ ಬಿದ್ದದ್ದು ಎಂದು ಹೇಳದೆ, ಕರೆಂಟು ಹೊಡೆದದ್ದು ಎಂದೇ ಡಾಕ್ಟರಿಗೆ ಮೊದಲು ತಿಳಿಸಿ. ಇ.ಸಿ.ಜಿ. ತೆಗೆಯಬೇಕೆಂದು ಅವರಿಗೆ ಆಗ ಕೂಡಲೇ ಗೊತ್ತಾಗುತ್ತದೆ.